ಹಾಳೆಗೆ ಬಿದ್ದ ತೂತು

ಮಗಳ ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಒಂದು ತೂತಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲ. ಅಂಚೆಲ್ಲ ಸುಕ್ಕುಸುಕ್ಕು, ಸುತ್ತಲೂ ಪೆನ್ಸಿಲ್ಲಿನ ಬೂದು ಬಣ್ಣ. ರಬ್ಬರ್‌ನಿಂದ ಉಜ್ಜಿ ಉಜ್ಜಿ ಬಿದ್ದ ತೂತು ಅದು. ಮೊದಲು ಒಂದು 5 ಬರೆದಳು, ಸರಿಯೋ ಇಲ್ಲವೋ ಅಂತ ಅನುಮಾನ ಬಂತು, ಅಳಿಸಿ 6 ಬರೆದಳು, ಅದನ್ನೂ ಅಳಿಸಿದಳು, ಮತ್ತೆ 5 ಬರೆದಳು, ಹಳೆಯ 6ರ ಗುರುತು ಇನ್ನೂ ಕಾಣ್ತಿದೆ ಅಂತ ಮತ್ತೆ ಉಜ್ಜಿದಳು. ಕೊನೆಗೆ ಹಾಳೆಯೇ ಕೈಕೊಟ್ಟಿತು.

ಆಗ ಅವಳಿಗೆ ಏಳು ವರ್ಷ. ಬರೆಯುವಾಗ ಎಡಗೈಯನ್ನು ಪುಟದ ಮೇಲೆ ಗೋಡೆ ತರ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಒಂದು ಅಂಕೆ ಬರೆದ ಕೂಡಲೇ ನನ್ನ ಮುಖ ನೋಡುತ್ತಿದ್ದಳು. ನನ್ನ ಹುಬ್ಬು ಸ್ವಲ್ಪ ಮೇಲೆ ಹೋದರೂ ಸಾಕು, ಕೈ ರಬ್ಬರ್ ಕಡೆ ಹೋಗುತ್ತಿತ್ತು. ನಾನು ಇದನ್ನೆಲ್ಲ ಅಚ್ಚುಕಟ್ಟು ಅಂದುಕೊಂಡಿದ್ದೆ. ನೆಂಟರ ಮುಂದೆ ಹೇಳಿಕೊಂಡೂ ಇದ್ದೆ, ಒಂದು ಕಾಟು ಗೀಟು ಇರಲ್ಲ ಅವಳ ಪುಸ್ತಕದಲ್ಲಿ ಅಂತ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಅವತ್ತು ಅವಳ ಹಿಂದಿನಿಂದ ಹೋಗ್ತಾ ಪುಟದ ಮೇಲೆ ಕಣ್ಣು ಹಾಯಿಸಿ, ನಿಲ್ಲದೇನೇ "ತಪ್ಪು" ಅಂದೆ. 52 ರಲ್ಲಿ 27 ಕಳೆದು 35 ಬರೆದಿದ್ದಳು. ಅವಳು ತಲೆ ಎತ್ತದೆ ಸಣ್ಣ ದನಿಯಲ್ಲಿ, "ಸಾರಿ ಅಮ್ಮಾ, ಇನ್ಮೇಲೆ ಹಾಗೆ ಮಾಡಲ್ಲ" ಅಂದಳು.

ಹಲ್ಲುಜ್ಜದೆ ಉಜ್ಜಿದೆ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಹೇಳಿದ್ದ ಅದೇ ಮಾತು. ಅದೇ ದನಿ. ಒಂದು ಕಳೆಯುವ ಲೆಕ್ಕಕ್ಕೆ ಕ್ಷಮೆ ಕೇಳುತ್ತಿದೆ ಮಗು! ಅಲ್ಲಿಗೆ ನನ್ನ ಕಾಲು ನಿಂತಿತು.

ಆಮೇಲೆ ಯೋಚನೆ ಮಾಡಿದೆ. ಇದರಲ್ಲಿ ಅವಳದೇನು ದೋಷ? ಸುಳ್ಳು ಹೇಳೋದು ತಪ್ಪು, ತಮ್ಮನಿಗೆ ಹೊಡೆಯೋದು ತಪ್ಪು, ಹೇಳದೆ ಕೇಳದೆ ಬೇರೆಯವರ ವಸ್ತು ಎತ್ತಿಕೊಳ್ಳೋದು ತಪ್ಪು, 52 ರಲ್ಲಿ 27 ಹೋದರೆ 35 ಅನ್ನೋದೂ ತಪ್ಪು. ಎಲ್ಲದಕ್ಕೂ ನಾವು ಕೊಟ್ಟಿರೋದು ಒಂದೇ ಪದ. ಮೊದಲ ಮೂರಕ್ಕೆ "ತಪ್ಪಾಯ್ತು ಅನ್ನು" ಅಂತ ನಾವೇ ಹೇಳಿಸಿದ್ದೇವೆ. ನಾಲ್ಕನೆಯದಕ್ಕೂ ಅದನ್ನೇ ಹೇಳಬೇಕು ಅಂತ ಮಗು ಅಂದುಕೊಂಡರೆ ಆಶ್ಚರ್ಯ ಏನಿದೆ?

ತಮಾಷೆ ಅಂದರೆ, ಇದೇ ಪದ ಕ್ರಿಯಾಪದ ಆದಾಗ ಅಷ್ಟು ಭಾರ ಇರಲ್ಲ. ಬಸ್ ತಪ್ಪಿತು ಅಂತೀವಿ. ಗುರಿ ತಪ್ಪಿತು, ಲೆಕ್ಕ ತಪ್ಪಿತು, ತಾಳ ತಪ್ಪಿತು. ಬಸ್ ತಪ್ಪಿದ್ದಕ್ಕೆ ಯಾರೂ ಬಸ್ಸಿನ ಕ್ಷಮೆ ಕೇಳಲ್ಲ ಅಲ್ವಾ? ಹೋಗಬೇಕಾದ ಕಡೆ ಹೋಗಲಿಲ್ಲ, ಅಷ್ಟೇ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ಓದು ಬರಹದ ವಿಷಯದಲ್ಲಿ "ತಪ್ಪು" ಅನ್ನೋದನ್ನು ಬಿಟ್ಟು "ಎಲ್ಲೋ ತಪ್ಪಿದೆ, ಎಲ್ಲಿ ನೋಡೋಣ" ಅನ್ನೋಕೆ ಶುರು ಮಾಡಿದೆ. ಕೇಳೋಕೆ ಸಣ್ಣ ವಿಷಯ. ಆದರೆ "ಎಲ್ಲಿ" ಅಂತ ಕೇಳಿದ ತಕ್ಷಣ ಇಬ್ಬರ ಕಣ್ಣೂ ಪುಟದ ಮೇಲೆ ಹೋಗುತ್ತೆ. ಮಗು ನನ್ನ ಮುಖ ನೋಡೋದು ಬಿಟ್ಟು ಅಂಕೆ ನೋಡುತ್ತೆ.

ಹಾಗೆ ಮೊದಲ ಸಲ ಕೂತು ನೋಡಿದಾಗಲೇ ನನಗೆ ಗೊತ್ತಾಗಿದ್ದು, ಇಷ್ಟು ದಿನ ನಾನು ಅವಳ ಪುಸ್ತಕ ಓದೇ ಇರಲಿಲ್ಲ ಅಂತ. ಬರೀ ಉತ್ತರ ನೋಡಿ ಸರಿ, ಸರಿ, ತಪ್ಪು ಅಂತಿದ್ದೆ. ಆ ಪುಟದಲ್ಲಿ ಐದು ಲೆಕ್ಕ ಇದ್ದವು. 85 ರಲ್ಲಿ 32 ಕಳೆದು 53, ಅದು ಸರಿ. 52 ರಲ್ಲಿ 27 ಕಳೆದು 35. 63 ರಲ್ಲಿ 48 ಕಳೆದು 25. 71 ರಲ್ಲಿ 36 ಕಳೆದು 45. 40 ರಲ್ಲಿ 13 ಕಳೆದು 33. ಐದರಲ್ಲಿ ನಾಲ್ಕು ತಪ್ಪು. ಗಮನ ಇಲ್ಲ, ಟಿವಿ ಜಾಸ್ತಿ ಆಯ್ತು ಅನ್ನೋದು ಮನಸ್ಸಿಗೆ ಬರುವ ಮೊದಲ ಮಾತು. ಒಂದು ನಿಮಿಷ ನಿಂತು ನೋಡಿ. ಬಿಡಿ ಸ್ಥಾನದಲ್ಲಿ ಯಾವುದು ದೊಡ್ಡದೋ ಅದರಿಂದ ಚಿಕ್ಕದನ್ನು ಕಳೆದಿದ್ದಾಳೆ, ಅದು ಮೇಲಿರಲಿ, ಕೆಳಗಿರಲಿ. ಎರಡರಿಂದ ಏಳು ತೆಗೆಯೋಕೆ ಆಗಲ್ಲ, ಏಳರಿಂದ ಎರಡು ತೆಗೆದರೆ ಐದು, ಬರೆ. ನಾಲ್ಕೂ ಲೆಕ್ಕದಲ್ಲಿ ಇದೇ. ಒಂದು ಕಡೆಯೂ ಕೈ ಜಾರಿಲ್ಲ. ತಾನೇ ಮಾಡಿಕೊಂಡ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದಾಳೆ. 85 ರಲ್ಲಿ 32 ಸರಿ ಬಂದದ್ದಕ್ಕೂ ಅದೇ ಕಾರಣ, ಅಲ್ಲಿ ಮೇಲಿನ ಅಂಕೆಗಳೇ ದೊಡ್ಡವು.

ಸುಮ್ನೆ ಕೇಳಿದೆ, ಈ 40 ರ ಲೆಕ್ಕ ಹೇಗೆ ಮಾಡಿದೆ ಹೇಳು ಅಂತ. "ಸೊನ್ನೆ ಅಂದ್ರೆ ಏನೂ ಇಲ್ಲ ಅಲ್ವಾ ಅಮ್ಮಾ, ಅದ್ರಿಂದ ಮೂರು ಹೇಗೆ ತೆಗೀಲಿ? ಅದಕ್ಕೆ ಮೂರನ್ನ ಹಾಗೇ ಇಳಿಸಿದೆ" ಅಂದಳು. ನೋಡಿ, ಇದು ದಡ್ಡತನವಾ? ಎಷ್ಟು ನೀಟಾದ ತರ್ಕ! ಅವಳಿಗೆ ತಿಳಿಯದೆ ಇದ್ದದ್ದು ಒಂದೇ ವಿಷಯ, ಪಕ್ಕದ ಹತ್ತರ ಸ್ಥಾನದಿಂದ ಸಾಲ ತರೋದು. ಅದನ್ನು ಹತ್ತು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸೋಕೆ ಹತ್ತು ನಿಮಿಷ ಸಾಕಾಯ್ತು. ನಾನು ಆ ನಾಲ್ಕು ಲೆಕ್ಕಕ್ಕೂ ಉತ್ತರ ಹೇಳಿಕೊಟ್ಟು ತಿದ್ದಿಸಿದ್ದರೆ, ಮರುದಿನ ಹೊಸ ಐದು ಲೆಕ್ಕದಲ್ಲಿ ಮತ್ತೆ ಅದೇ ಆಗುತ್ತಿತ್ತು. ನಾನು ಮತ್ತೆ ಟಿವಿಯನ್ನು ಬೈಯುತ್ತಿದ್ದೆ.

ಇದು ನನ್ನ ಮಗಳೊಬ್ಬಳ ಕಥೆ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. 1978 ರಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನೋ ಇಬ್ಬರು ಸಂಶೋಧಕರು, ಮಕ್ಕಳು ಲೆಕ್ಕದಲ್ಲಿ ಮಾಡುವ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬರುವ ಬಗ್‌ಗಳಿಗೆ ಹೋಲಿಸಿ ವಿವರಿಸಿದ್ದರು. ಪ್ರೋಗ್ರಾಂ ತಾನು ಕಲಿತ ಹೆಜ್ಜೆಗಳನ್ನು ಚಾಚೂ ತಪ್ಪದೆ ಮಾಡುತ್ತೆ, ಒಂದು ಹೆಜ್ಜೆ ಮಾತ್ರ ಅಡ್ಡಾದಿಡ್ಡಿ ಇರುತ್ತೆ, ಹಾಗೆ. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಈ ಬಗ್ ಎಷ್ಟೋ ಮಕ್ಕಳಿಗೆ ಅಂಟುತ್ತೆ. ಇನ್ನೂ ಹಿಂದಿನದು ಬೇಕಾದರೆ, ಮುಂದೆ ಹೆಸರಾಂತ ಮನಶ್ಶಾಸ್ತ್ರಜ್ಞರಾದ ಝಾನ್ ಪಿಯಾಜೆ ಯುವಕನಾಗಿದ್ದಾಗ, 1920 ರ ಆಸುಪಾಸಿನಲ್ಲಿ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪ್ರಶ್ನೆಗಳನ್ನು ಒರೆಹಚ್ಚುವ ಕೆಲಸ ಮಾಡುತ್ತಿದ್ದರು. ಸರಿ ಉತ್ತರಗಳನ್ನು ಎಣಿಸಬೇಕಿತ್ತು. ಅವರಿಗೆ ತಪ್ಪು ಉತ್ತರಗಳ ಮೇಲೇ ಕಣ್ಣು ಬಿತ್ತು, ಒಂದೇ ವಯಸ್ಸಿನ ಮಕ್ಕಳೆಲ್ಲ ಒಂದೇ ತರ ಯಾಕೆ ತಪ್ಪುತ್ತಾರೆ ಅಂತ. ಮಕ್ಕಳು ಯೋಚಿಸುವ ರೀತಿಯ ಬಗ್ಗೆ ಅವರು ಜೀವನಪೂರ್ತಿ ಮಾಡಿದ ಕೆಲಸಕ್ಕೆ ಬೀಜ ಬಿದ್ದದ್ದು ಅಲ್ಲಿ. ನಾನು ಪಿಯಾಜೆ ಏನಲ್ಲ. ಆದರೂ ಹೋಮ್‌ವರ್ಕ್ ಹೊತ್ತಿನಲ್ಲಿ ಒಂದೆರಡು ನಿಮಿಷ ಪತ್ತೇದಾರಿ ಆಗೋಕೆ ಯಾರಿಗೆ ಬೇಕಾದರೂ ಆಗುತ್ತೆ.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ, ಯಾಕಂದ್ರೆ ನಾನೇ ಇದರಲ್ಲಿ ಬಿದ್ದೆ. "ಹೇಗೆ ಮಾಡಿದೆ ಹೇಳು" ಅಂತ ಉತ್ತರ ತಪ್ಪಿದಾಗ ಮಾತ್ರ ಕೇಳುತ್ತಿದ್ದೆ. ಒಂದು ವಾರದಲ್ಲಿ ಮಗಳು ಗುಟ್ಟು ಹಿಡಿದುಬಿಟ್ಟಳು. ನಾನು "ಹೇಗೆ" ಅನ್ನುವಷ್ಟರಲ್ಲಿ ರಬ್ಬರ್ ಕೈಯಲ್ಲಿರುತ್ತಿತ್ತು. ಅವಳ ಪಾಲಿಗೆ "ಹೇಗೆ" ಅಂದರೆ "ತಪ್ಪು" ಅನ್ನೋದರ ಸಭ್ಯ ರೂಪ ಆಗಿತ್ತು. ಆಮೇಲೆ ಸರಿ ಇದ್ದಾಗಲೂ ಕೇಳೋಕೆ ಶುರು ಮಾಡಿದೆ. ಮೊದಮೊದಲು ಸರಿ ಇದ್ದದ್ದನ್ನೂ ಅಳಿಸುತ್ತಿದ್ದಳು, ಪಾಪ. ಸುಮಾರು ಒಂದು ತಿಂಗಳು ಹಿಡಿಯಿತು ನಂಬಿಕೆ ಬರೋಕೆ. ಒಂದು ಲಾಭವೂ ಆಯ್ತು, ಉತ್ತರ ಸರಿ ಇದ್ದು ದಾರಿ ತಪ್ಪಿದ ಎಷ್ಟೋ ಲೆಕ್ಕ ಆಗ ಸಿಕ್ಕಿದವು.

ಈ ಭಯ ಹುಟ್ಟಿನಿಂದ ಬಂದದ್ದಲ್ಲ ಅನ್ನೋದಕ್ಕೆ ನಡೆಯೋಕೆ ಕಲಿಯುವ ಮಗು ನೋಡಿದರೆ ಸಾಕು. ಕರೆನ್ ಅಡಾಲ್ಫ್ ಅನ್ನೋ ಮನಶ್ಶಾಸ್ತ್ರಜ್ಞೆ ತಮ್ಮ ತಂಡದ ಜೊತೆ ಪುಟ್ಟ ಮಕ್ಕಳು ಹೇಗೆ ನಡೆಯಲು ಕಲಿಯುತ್ತಾರೆ ಅಂತ ಹೆಜ್ಜೆ ಹೆಜ್ಜೆ ಎಣಿಸಿದರು. 2012 ರಲ್ಲಿ ಬಂದ ಆ ಲೆಕ್ಕದ ಪ್ರಕಾರ, ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಗಂಟೆಗೆ ಹದಿನೇಳು! ನಾನಾಗಿದ್ದರೆ ಎರಡನೇ ಸಲ ಬಿದ್ದಾಗಲೇ ನಡಿಗೆ ನನ್ನ ಕ್ಷೇತ್ರ ಅಲ್ಲ ಅಂತ ಕೂತುಬಿಡುತ್ತಿದ್ದೆ. ಮಗು ಬೀಳುತ್ತೆ, ಕೈಯೂರಿ ಏಳುತ್ತೆ, ನೋಡಬೇಕು ಅಂದುಕೊಂಡಿದ್ದ ಚೆಂಡಿನ ಕಡೆ ಹೋಗುತ್ತೆ. ಬಿದ್ದಾಗ ನಾವು "ಅಯ್ಯೋ" ಅಂತ ಕಿರುಚಿದರೆ ಮಾತ್ರ ತಿರುಗಿ ನಮ್ಮ ಮುಖ ನೋಡಿ, ಓ ಇದು ಅಳುವ ವಿಷಯ ಇರಬೇಕು ಅಂತ ಅಳೋಕೆ ಶುರು ಮಾಡುತ್ತೆ. ಮಕ್ಕಳನ್ನು ಬೆಳೆಸಿದ ಯಾರನ್ನು ಬೇಕಾದರೂ ಕೇಳಿ.

ಆ ಮುಖದ ವಿಷಯಕ್ಕೆ ಆಮೇಲೆ ಬರ್ತೀನಿ. ಅದಕ್ಕಿಂತ ಮೊದಲು "ಜಾಣೆ" ಅನ್ನೋ ಪದದ ಬಗ್ಗೆ ಹೇಳಬೇಕು. ನನ್ನ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಪದ ಅದು. ಹತ್ತಕ್ಕೆ ಹತ್ತು ಬಂದರೆ ಜಾಣೆ, ಬೇಗ ಮುಗಿಸಿದರೆ ಜಾಣೆ, ನೆಂಟರ ಮುಂದೆ ಮಗ್ಗಿ ಹೇಳಿದರೆ ಜಾಣೆ. ಪ್ರೀತಿಯಿಂದಲೇ ಹೇಳುತ್ತಿದ್ದೆ. 1998 ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕರೋಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞೆಯರು ಐದನೇ ತರಗತಿಯ ಮಕ್ಕಳ ಜೊತೆ ಮಾಡಿದ ಪ್ರಯೋಗಗಳ ಬಗ್ಗೆ ಓದಿದಾಗ ಆ ಪದ ಗಂಟಲಲ್ಲೇ ಸಿಕ್ಕಿಕೊಂಡಿತು. ಮಕ್ಕಳಿಗೆ ಕೆಲವು ಒಗಟಿನಂಥ ಚಿತ್ರಗಳನ್ನು ಬಿಡಿಸೋಕೆ ಕೊಟ್ಟರು. ಮುಗಿದ ಮೇಲೆ ಕೆಲವರಿಗೆ ನೀನು ಬುದ್ಧಿವಂತ ಅಂದರು, ಕೆಲವರಿಗೆ ಚೆನ್ನಾಗಿ ಶ್ರಮಪಟ್ಟೆ ಅಂದರು. ಒಂದೇ ಒಂದು ಮಾತಿನ ವ್ಯತ್ಯಾಸ. ಮುಂದೆ ಎಂಥದ್ದು ಬೇಕು ಅಂತ ಕೇಳಿದಾಗ ಬುದ್ಧಿವಂತ ಅನಿಸಿಕೊಂಡವರಲ್ಲಿ ಹೆಚ್ಚಿನವರು ತಾವು ಚೆನ್ನಾಗಿ ಮಾಡಬಲ್ಲೆವು ಅನ್ನಿಸಿದ್ದನ್ನೇ ಆರಿಸಿಕೊಂಡರು. ಶ್ರಮಪಟ್ಟೆ ಅನಿಸಿಕೊಂಡವರಲ್ಲಿ ಹೆಚ್ಚಿನವರು ಕಷ್ಟ ಆದರೂ ಕಲಿಯೋಕೆ ಸಿಗುವಂಥದ್ದನ್ನು ಕೇಳಿದರು. ಆಮೇಲೆ ಎಲ್ಲರಿಗೂ ಬೇಕಂತಲೇ ತುಂಬಾ ಕಷ್ಟದ್ದು ಕೊಟ್ಟು, ಕೊನೆಗೆ ಮೊದಲಿನಷ್ಟೇ ಸುಲಭದ್ದು ಕೊಟ್ಟರೆ, ಬುದ್ಧಿವಂತರ ಅಂಕ ಮೊದಲಿಗಿಂತ ಇಳಿದಿತ್ತು.

ನನ್ನ ಹೊಟ್ಟೆ ಚುರುಕ್ ಅಂದದ್ದು ಇದಕ್ಕಲ್ಲ. ತಮಗೆ ಎಷ್ಟು ಅಂಕ ಬಂತು ಅಂತ ಬೇರೆ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ, ಬುದ್ಧಿವಂತ ಅನಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ ನಲವತ್ತರ ಹತ್ತಿರ ಮಕ್ಕಳು ಸುಳ್ಳು ಅಂಕ ಬರೆದರಂತೆ. ಹೆಸರು ಬರೆಯದ ಕಾಗದದಲ್ಲಿ, ಯಾವತ್ತೂ ಭೇಟಿ ಆಗದ ಮಕ್ಕಳಿಗೆ. ಜಾಣ ಅನ್ನೋ ಪಟ್ಟ ಕೊಟ್ಟರೆ ಅದನ್ನು ಕಾಯುವ ಕೆಲಸವೂ ಜೊತೆಗೆ ಬರುತ್ತೆ, ಪಾಪ, ಅದಕ್ಕೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಇಂಥ ಸಂಶೋಧನೆಯಿಂದ ಹುಟ್ಟಿದ, ಶ್ರಮಪಟ್ಟರೆ ಬುದ್ಧಿ ಬೆಳೆಯುತ್ತೆ ಅನ್ನೋ ಪೋಸ್ಟರು, ಭಾಷಣ, ಎರಡು ಗಂಟೆಯ ತರಬೇತಿ ಇವೆಯಲ್ಲ, ನನಗೆ ಅವುಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಇಂಥ ತರಬೇತಿಗಳ ಫಲಿತಾಂಶಗಳನ್ನೆಲ್ಲ ಒಟ್ಟುಹಾಕಿ ನೋಡಿದ 2018 ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಅಂಕಗಳ ಮೇಲೆ ಆದ ಪರಿಣಾಮ ತೀರಾ ಸಣ್ಣದು ಅಂತಲೇ ಬಂತು. "ನಿನ್ನಿಂದ ಆಗುತ್ತೆ" ಅಂತ ಗೋಡೆ ಮೇಲೆ ಅಂಟಿಸಿ, ಅದೇ ಗೋಡೆಯ ಕೆಳಗೆ ತಪ್ಪಿದ ಮಗುವನ್ನು ನಿಲ್ಲಿಸಿದರೆ ಮಗು ಯಾವುದನ್ನು ನಂಬಬೇಕು? ಸುಳ್ಳು ಹೊಗಳಿಕೆಯೂ ಅಷ್ಟೇ. ಏನೂ ಶ್ರಮ ಪಡದೆ ಗೀಚಿದ್ದಕ್ಕೆ "ವಾ, ಎಷ್ಟು ಶ್ರಮ ಪಟ್ಟಿದ್ದೀಯ" ಅಂದರೆ ಮಕ್ಕಳು ನಮ್ಮನ್ನೇ ಕರುಣೆಯಿಂದ ನೋಡುತ್ತಾರೆ. ನಾನೀಗ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳ್ತೀನಿ. "ಇಲ್ಲಿ ಎರಡು ತರ ಮಾಡಿ ನೋಡಿದ್ದೀಯ." "ಈ ಸಲ ಸಾಲ ತಂದದ್ದನ್ನು ಮೇಲೆ ಬರೆದುಕೊಂಡಿದ್ದೀಯ." ಅಷ್ಟೇ. ಹೊಗಳಿಕೆ ತರ ಕೇಳಿಸಲ್ಲ, ಆದರೆ ಅವಳ ಮುಖ ಅರಳೋದು ಇದಕ್ಕೇ ಜಾಸ್ತಿ.

ಹೆದರಿಕೆ ಇದ್ದಾಗ ಲೆಕ್ಕ ಯಾಕೆ ತಪ್ಪುತ್ತೆ ಅನ್ನೋದಕ್ಕೂ ಕಾರಣ ಇದೆ. 52 ರಲ್ಲಿ 27 ಕಳೆಯುವಾಗ ತಲೆಯಲ್ಲಿ ಎಷ್ಟೋ ವಿಷಯ ಒಟ್ಟಿಗೆ ಹಿಡಿದುಕೊಂಡಿರಬೇಕು. ಎರಡು ಹನ್ನೆರಡಾಯ್ತು, ಐದು ನಾಲ್ಕಾಯ್ತು, ಹನ್ನೆರಡರಲ್ಲಿ ಏಳು ಹೋದರೆ ಐದು. ಈ ಹಿಡಿದುಕೊಳ್ಳುವ ಜಾಗ ಎಲ್ಲರಿಗೂ ಚಿಕ್ಕದೇ, ಒಂದು ಸಣ್ಣ ಮಣೆ ಇದ್ದ ಹಾಗೆ. "ಅಮ್ಮ ಬೈತಾಳಾ, ಮಿಸ್ ಎಲ್ಲರ ಮುಂದೆ ಓದಿ ಹೇಳ್ತಾರಾ" ಅನ್ನೋ ಯೋಚನೆ ಆ ಮಣೆಯ ಅರ್ಧ ಜಾಗದಲ್ಲಿ ಬಂದು ಕೂತರೆ ಹನ್ನೆರಡು ಕೆಳಗೆ ಬೀಳುತ್ತೆ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001 ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನೇ ನೋಡಿದರು. ಲೆಕ್ಕದ ಭಯ ಜಾಸ್ತಿ ಇದ್ದವರಿಗೆ ಲೆಕ್ಕ ಮಾಡುತ್ತಾ ಇನ್ನೊಂದು ವಿಷಯ ನೆನಪಿಟ್ಟುಕೊಳ್ಳೋದು ಕಷ್ಟ ಆಗುತ್ತಿತ್ತು, ಅದರಲ್ಲೂ ಕೈಯಲ್ಲಿ ಒಂದು ಇಟ್ಟುಕೊಂಡು ಕೂಡುವ ಲೆಕ್ಕದಲ್ಲಿ. ಹೆದರಿಸಿದರೆ ಗಮನ ಬರುತ್ತೆ ಅನ್ನೋರಿಗೆ ನಾನು ಈ ಮಣೆಯ ವಿಷಯ ಹೇಳ್ತೀನಿ. ಅರ್ಧ ಜನ ಒಪ್ಪಲ್ಲ. ಇರಲಿ.

ಈಗ ಮುಖದ ವಿಷಯ. ನಾನು ಬೈಯುತ್ತಿರಲಿಲ್ಲ, ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಭಯ ನನ್ನಿಂದ ಬಂದದ್ದಲ್ಲ, ಶಾಲೆಯಿಂದ ಬಂದದ್ದು ಅಂತ ಬಹಳ ದಿನ ನಂಬಿದ್ದೆ. ಶಾಲೆಯದ್ದೂ ಪಾಲು ಇತ್ತು, ಅದಕ್ಕೆ ಬರ್ತೀನಿ. ಆದರೆ ಒಂದು ಸಂಜೆ ಮಗಳೇ ಹೇಳಿದಳು, "ನೀನು ಮೂಗಲ್ಲಿ ಉಸಿರು ಬಿಡ್ತೀಯಲ್ಲ ಅಮ್ಮಾ, ಅದು ಕೇಳಿಸುತ್ತೆ." ಹೌದು. ತಪ್ಪು ಕಂಡಾಗ ನಾನು ಬಾಯಿ ಮುಚ್ಚಿಕೊಂಡು ಮೂಗಿನಿಂದ ಉದ್ದಕ್ಕೆ ಉಸಿರು ಬಿಡ್ತೀನಿ. ನನ್ನ ಪ್ರಕಾರ ಅದು ತಾಳ್ಮೆ. ಅವಳ ಪ್ರಕಾರ ಅದು ಬೈಗುಳ. ನಮ್ಮಪ್ಪನೂ ಹೀಗೇ ಉಸಿರು ಬಿಡುತ್ತಿದ್ದರು, ಲೆಕ್ಕ ಹೇಳಿಕೊಡುವಾಗ. ನನಗೆ ಈಗಲೂ ಮೂರಂಕಿಯ ಭಾಗಾಕಾರ ಅಂದರೆ ಕಿವಿಯಲ್ಲಿ ಆ ಉಸಿರು ಕೇಳುತ್ತೆ. 2015 ರಲ್ಲಿ ಎರಿನ್ ಮಲೋನಿ ಮತ್ತು ಅವರ ಜೊತೆಗಾರರು ಒಂದನೇ, ಎರಡನೇ ತರಗತಿಯ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ನೋಡಿ ಬರೆದದ್ದು ಇದನ್ನೇ. ಲೆಕ್ಕ ಅಂದರೆ ಹೆದರುವ ಅಪ್ಪ ಅಮ್ಮ ಹೋಮ್‌ವರ್ಕಿಗೆ ಪದೇ ಪದೇ ಸಹಾಯ ಮಾಡಿದಾಗ ಆ ಮಕ್ಕಳು ವರ್ಷದ ಕೊನೆಗೆ ಕಡಿಮೆ ಲೆಕ್ಕ ಕಲಿತಿದ್ದರು, ಲೆಕ್ಕದ ಭಯ ಜಾಸ್ತಿ ಆಗಿತ್ತು. ಭಯ ಇದ್ದೂ ಅಷ್ಟಾಗಿ ಸಹಾಯ ಮಾಡದೆ ಸುಮ್ಮನಿದ್ದವರ ಮಕ್ಕಳಿಗೆ ಹಾಗಾಗಿರಲಿಲ್ಲ. ಓದಿ ನಗು ಬಂತು, ಅಳುವೂ ಬಂತು. ಕೆಲವು ತಿಂಗಳು ಲೆಕ್ಕವನ್ನು ಗಂಡನ ಪಾಲಿಗೆ ಬಿಟ್ಟೆ. ಅವರಿಗೆ ಲೆಕ್ಕ ತಪ್ಪಿದರೆ ಪದಬಂಧ ತಪ್ಪಿದಷ್ಟೇ. "ಅರೆ, ಇದೆಲ್ಲಿಂದ ಬಂತು?" ಅಂತ ನಿಜವಾದ ಕುತೂಹಲದಿಂದ ಪುಟಕ್ಕೆ ಬಗ್ಗುತ್ತಾರೆ. ಆ ಕುತೂಹಲವನ್ನು ನಟಿಸೋಕೆ ಆಗಲ್ಲ. ನಾನು ಪ್ರಯತ್ನಪಟ್ಟು ಸಿಕ್ಕಿಬಿದ್ದಿದ್ದೇನೆ.

ನಟಿಸೋದು ಅಂದಾಗ ನೆನಪಾಯ್ತು. ಮಕ್ಕಳ ಮುಂದೆ ಬೇಕಂತಲೇ ತಪ್ಪು ಮಾಡಿ, "ಅಯ್ಯೋ ಅಮ್ಮನೂ ತಪ್ಪು ಮಾಡಿದಳು" ಅನ್ನಿ ಅಂತ ಯಾರೋ ಸಲಹೆ ಕೊಟ್ಟಿದ್ದರು. ಎರಡನೇ ದಿನವೇ ಮಗಳು "ನಿಂಗೆ ಗೊತ್ತು ಅಮ್ಮಾ, ಸುಮ್ನೆ ಮಾಡ್ತಿದ್ದೀಯ" ಅಂದಳು. ಅದರ ಬದಲು ನಾನು ನಿಜವಾಗಿ ಬಾರದ್ದನ್ನು ಕಲಿಯೋಕೆ ಹೊರಟೆ. ಸೈಕಲ್. ನಲವತ್ತರ ಹತ್ತಿರದಲ್ಲಿ. ಅವಳು ಅದಾಗಲೇ ಕಲಿತಿದ್ದಳು. ನಾನು ಹ್ಯಾಂಡಲ್ಲನ್ನು ಮುರಿಯೋ ಹಾಗೆ ಹಿಡಿದು, ಮುಂದಿನ ಚಕ್ರವನ್ನೇ ನೋಡುತ್ತಾ, ಎರಡು ಸುತ್ತು ಪೆಡಲ್ ತುಳಿದು ಕಾಲೂರುತ್ತಿದ್ದೆ. ಅವಳು ಹಿಂದಿನಿಂದ ಸೀಟು ಹಿಡಿದು ಓಡುತ್ತಾ "ಕೆಳಗೆ ನೋಡ್ಬೇಡಮ್ಮಾ, ದೂರ ನೋಡು, ದೂರ ನೋಡು" ಅಂತ ಕೂಗುತ್ತಿದ್ದಳು. ಬಿದ್ದೆ. ಮೊಣಕೈ ತರಚಿತು. ನಿಜವಾಗಿ ಸಿಟ್ಟು ಬಂತು, ಇನ್ನು ಬೇಡ ಅಂದೆ. ಅವಳು ಸೈಕಲ್ ಎತ್ತಿ ನಿಲ್ಲಿಸಿ, ನಾನು ಅವಳಿಗೆ ಹೇಳುವ ಅದೇ ರಾಗದಲ್ಲಿ "ಎಲ್ಲಿ ತಪ್ಪಿತು ನೋಡೋಣ್ವಾ?" ಅಂದಳು. ಆ ಕ್ಷಣದಲ್ಲಿ ಆ ಮಾತು ಎಷ್ಟು ಕಿರಿಕಿರಿ ಮಾಡುತ್ತೆ ಅಂತಲೂ ನನಗೆ ಅರ್ಥ ಆಯ್ತು. ಅದಾದ ಮೇಲೆ ಅವಳಿಗೆ ತಪ್ಪಿದ ಕೂಡಲೇ ಆ ಪ್ರಶ್ನೆ ಕೇಳಲ್ಲ. ಸಿಟ್ಟು ಇಳಿಯೋಕೆ ಸ್ವಲ್ಪ ಹೊತ್ತು ಬಿಡ್ತೀನಿ.

ಶಾಲೆಯ ಪಾಲು ಏನು ಅಂದರೆ, ಅವಳ ಹಿಂದಿನ ತರಗತಿಯಲ್ಲಿ ಒಂದು ಪದ ತಪ್ಪಿದರೆ ಅದನ್ನು ಹತ್ತು ಸಲ ಬರೆಯಬೇಕಿತ್ತು. ತಪ್ಪಿದವರು ಎದ್ದು ನಿಲ್ಲಬೇಕಿತ್ತು. ಟೀಚರ್ ಕೆಟ್ಟವರಲ್ಲ, ಅವರೂ ಹಾಗೇ ಕಲಿತವರು, ಮೇಲಾಗಿ ತರಗತಿ ತುಂಬಾ ಮಕ್ಕಳು. ಆದರೆ ಅದರಿಂದ ಮಗಳು ಕಲಿತದ್ದೇನು ಗೊತ್ತಾ? ಮೃಗಾಲಯದ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದ್ದರು. ಅವತ್ತು ಅವಳು ಅರ್ಧ ಗಂಟೆ ಬೇಲಿ ಬಿಟ್ಟು ಕದಲದೆ ನೋಡಿದ್ದು ಖಡ್ಗಮೃಗವನ್ನು. ಮನೆಗೆ ಬಂದ ಮೇಲೂ ಅದರದ್ದೇ ಮಾತು. ಬರೆದದ್ದು ಮಾತ್ರ "ನಾನು ಆನೆ ನೋಡಿದೆ. ಆನೆ ದೊಡ್ಡದು." ಯಾಕೆ ಅಂತ ಕೇಳಿದರೆ, "ಖಡ್ಗಮೃಗದಲ್ಲಿ ನಾಲ್ಕು ಕಡೆ ತಪ್ಪಾಗಬಹುದು, ಆನೆಯಲ್ಲಿ ಆಗಲ್ಲ." ಲೆಕ್ಕ ಹಾಕಿಯೇ ಬರೆದಿದ್ದಳು! ಮಹಾಪ್ರಾಣ ಒಂದು, ಒತ್ತು ಒಂದು, ಋಕಾರ ಒಂದು. ನಾಲ್ಕನೆಯದು ಯಾವುದು ಅಂತ ಇವತ್ತಿಗೂ ನನಗೆ ಹೊಳೆದಿಲ್ಲ.

ಸೊನ್ನೆ ತಪ್ಪು ಇದ್ದ ಆ ಹತ್ತು ಸಾಲಿಗೆ ಪೂರ್ತಿ ಅಂಕ ಬಂತು. ತಪ್ಪು ಕಡಿಮೆ ಮಾಡೋದೇ ಗುರಿ ಅಂತ ಇಟ್ಟರೆ ಮಕ್ಕಳು ಬರೆಯೋದನ್ನೇ ಕಡಿಮೆ ಮಾಡುತ್ತಾರೆ. ಗೊತ್ತಿರುವ ಪದ ಮಾತ್ರ, ಗೊತ್ತಿರುವ ಉತ್ತರ ಮಾತ್ರ. ಕೈ ಎತ್ತಲ್ಲ, ಪ್ರಶ್ನೆ ಕೇಳಲ್ಲ. ಹೊರಗಿನಿಂದ ನೋಡುವವರಿಗೆ ತುಂಬಾ ಒಳ್ಳೆಯ ಮಗು.

ಆಮೇಲೆ ನಾವು ಮನೆಯಲ್ಲಿ ಒಂದು ಒರಟು ಪುಸ್ತಕ ಮಾಡಿದೆವು. ಅದರಲ್ಲಿ ಮೊದಲು ಹೇಗೆ ಬರುತ್ತೋ ಹಾಗೆ ಬರೆಯೋದು, ಅನುಮಾನ ಇರುವ ಪದದ ಕೆಳಗೆ ಗೆರೆ ಎಳೆಯೋದು, ಎಲ್ಲ ಮುಗಿದ ಮೇಲೆ ಆ ಗೆರೆ ಎಳೆದದ್ದನ್ನು ಮಾತ್ರ ನೋಡೋದು. ರಬ್ಬರ್ ಇಲ್ಲ. ಬೇಡದ್ದರ ಮೇಲೆ ಒಂದು ಗೀಟು, ಪಕ್ಕದಲ್ಲಿ ಹೊಸದು. ಅಳಿಸಿದರೆ ಎಲ್ಲಿ ತಪ್ಪಿತ್ತು ಅನ್ನೋದೇ ಮಾಯ ಆಗುತ್ತಲ್ಲ, ಅದಕ್ಕೆ. ಶಾಲೆಯ ಪುಸ್ತಕದಲ್ಲಿ ಅವಳಿಗೆ ಬೇಕಾದಷ್ಟು ಅಳಿಸಿಕೊಳ್ಳಲಿ, ಅಲ್ಲಿನ ನಿಯಮ ಅಲ್ಲಿಗೆ. ಈ ಪುಸ್ತಕಕ್ಕೆ ಅಂಕ ಇಲ್ಲ, ಯಾರೂ ಟಿಕ್ ಹಾಕಲ್ಲ, ನೆಂಟರಿಗೂ ತೋರಿಸಲ್ಲ. "ಕಡ್ಗ ಮ್ರುಗ" ಅಂತ ಮೊದಲ ಸಲ ಬಂದದ್ದು ಅದರಲ್ಲೇ, ಕೆಳಗೆ ಎರಡು ಗೆರೆ ಎಳೆದು. ಅದರ ಚರ್ಮ "ಮಡಿಚಿದ ಬಟ್ಟೆ ತರ" ಇತ್ತಂತೆ. ಆನೆಯ ಬಗ್ಗೆ ಅವಳು ಇಂಥ ಒಂದು ಮಾತೂ ಬರೆದಿರಲಿಲ್ಲ.

ತಪ್ಪನ್ನು ಹಾಗೇ ಬಿಟ್ಟುಬಿಡಿ ಅಂತ ಹೇಳ್ತಿಲ್ಲ, ತಪ್ಪು ತಿಳಿಯಬೇಡಿ. ಹಾಡ್ತಾ ಹಾಡ್ತಾ ರಾಗ ಬರಬೇಕಾದರೆ ಅಪಶ್ರುತಿ ಎಲ್ಲಿ ಅಂತ ಯಾರಾದರೂ ಹೇಳಲೇಬೇಕು. ಯಾವಾಗ, ಹೇಗೆ ಅನ್ನೋದೇ ಪ್ರಶ್ನೆ. ಉತ್ತರ ಹೇಳಿಕೊಡುವ ಮೊದಲು ಊಹೆ ಮಾಡಿಸೋದು ಒಳ್ಳೇದು, ಊಹೆ ತಪ್ಪಿದರೂ ಪರವಾಗಿಲ್ಲ. ಮೊದಲು ಊಹಿಸಿ ತಪ್ಪಿ, ಆಮೇಲೆ ಸರಿ ಉತ್ತರ ನೋಡಿದವರು, ಸುಮ್ನೆ ಉತ್ತರ ಓದಿಕೊಂಡವರಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ ಅಂತ ನೇಟ್ ಕಾರ್ನೆಲ್ ಮತ್ತು ಜೊತೆಗಾರರು 2009 ರಲ್ಲಿ ತೋರಿಸಿದರು. ಇದಕ್ಕಿಂತ ಮಜಾ ಇರೋದು 2001 ರಲ್ಲಿ ಬಟರ್‌ಫೀಲ್ಡ್ ಮತ್ತು ಜಾನೆಟ್ ಮೆಟ್‌ಕಾಫ್ ಕಂಡುಕೊಂಡದ್ದು. ಖಂಡಿತ ಇದೇ ಅಂತ ಧೈರ್ಯವಾಗಿ ಹೇಳಿದ ತಪ್ಪು, ಅನುಮಾನದಲ್ಲಿ ಹೇಳಿದ ತಪ್ಪಿಗಿಂತ ಗಟ್ಟಿಯಾಗಿ ತಿದ್ದಿಕೊಳ್ಳುತ್ತಂತೆ.

ನಾನು ಇದನ್ನು ಜೇಡದ ವಿಷಯದಲ್ಲಿ ನೋಡಿದೆ. ಮಗಳು ಜೇಡ ಕೀಟ ಅಂತ ಪಟ್ಟು ಹಿಡಿದಿದ್ದಳು. ಬಾಜಿ ಕಟ್ಟೋಕೂ ತಯಾರು. ಕೀಟಕ್ಕೆ ಎಷ್ಟು ಕಾಲು ಅಂದೆ. ಆರು ಅಂದಳು. ಬಾತ್‌ರೂಮಿನ ಮೂಲೆಯಲ್ಲಿ ಒಂದು ಕೂತಿತ್ತು, ಎಣಿಸು ಅಂದೆ. ಸ್ಟೂಲ್ ಹತ್ತಿ ಎಣಿಸಿದಳು, ಎಂಟು. ನಂಬದೆ ಮತ್ತೆ ಎಣಿಸಿದಳು. "ಇದು ಜಾಸ್ತಿ ಕಾಲು ಇರೋ ಜೇಡ" ಅಂದಳು. ಇನ್ನೊಂದನ್ನು ಹುಡುಕಿ ಎಣಿಸಿದೆವು. ಅಲ್ಲಿಂದ ಇಳಿದು ಬಂದವಳು ಜೇಡ ಕೀಟ ಅಲ್ಲ ಅನ್ನೋದನ್ನು ಇವತ್ತಿಗೂ ಮರೆತಿಲ್ಲ, ಬಂದವರಿಗೆಲ್ಲ ಹೇಳ್ತಾಳೆ. "ಇಲ್ಲ ಕಣೇ, ಜೇಡ ಕೀಟ ಅಲ್ಲ" ಅಂತ ನಾನು ಮೊದಲೇ ಹೇಳಿ ಮುಗಿಸಿದ್ದರೆ ಅವಳಿಗೆ ಅಷ್ಟು ದೊಡ್ಡದಾಗಿ ತಪ್ಪುವ ಅವಕಾಶವೇ ಸಿಗುತ್ತಿರಲಿಲ್ಲ.

ಇನ್ನು ಎರಡು ಮಾತು ಬೇಗ ಹೇಳಿ ಮುಗಿಸ್ತೀನಿ. ಗಡಿಯಾರ ಇಟ್ಟು ಲೆಕ್ಕ ಮಾಡಿಸೋದನ್ನು ನಾವು ಪೂರ್ತಿ ನಿಲ್ಲಿಸಿದೆವು. ಬೇಗ ಅನ್ನೋದೂ ಭಯಕ್ಕೆ ತುಪ್ಪ ಸುರಿದ ಹಾಗೆ. ಎರಡನೆಯದು, ಎಲ್ಲ ತಪ್ಪೂ ಭಯದಿಂದ ಬಂದದ್ದಲ್ಲ, ಎಲ್ಲ ಭಯವೂ ಮನೆಯ ಮಾತಿನಿಂದ ಹೋಗಲ್ಲ. ಐದಾರು ವರ್ಷದ ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯೋದು ಮಾಮೂಲು. ಆದರೆ ಜೊತೆಯ ಮಕ್ಕಳೆಲ್ಲ ದಾಟಿದ ಮೇಲೂ ಓದು ಬರಹ ವರ್ಷಗಟ್ಟಲೆ ಹೋರಾಟವಾಗಿಯೇ ಇದ್ದರೆ, ಅಥವಾ ಶಾಲೆ ಅಂದ ಕೂಡಲೇ ದಿನಾ ಹೊಟ್ಟೆನೋವು ಬರುತ್ತಿದ್ದರೆ, ತಿಳಿದವರಿಗೆ ತೋರಿಸಬೇಕು. ಇನ್ನೂ ಶ್ರಮಪಡು ಅಂತ ಅಲ್ಲಿ ಹೇಳೋದು ಕ್ರೂರ.

ಮಗಳಿಗೆ ಈಗ ಒಂಬತ್ತು. ಭಯ ಹೋಯ್ತಾ ಅಂದರೆ, ಇಲ್ಲ. ಕಳೆದ ತಿಂಗಳು ಉಕ್ತಲೇಖನದಲ್ಲಿ ಹತ್ತಕ್ಕೆ ನಾಲ್ಕು ಬಂದಿತ್ತು. ಆ ಕಾಗದ ಮೂರು ದಿನ ಬ್ಯಾಗಿನ ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಹಿಂದೆಲ್ಲ ಇಂಥದ್ದು ಹಾಸಿಗೆ ಕೆಳಗೆ ತಿಂಗಳುಗಟ್ಟಲೆ ಇರುತ್ತಿತ್ತು, ಒಂದಂತೂ ನಾವು ಮನೆ ಬದಲಾಯಿಸುವಾಗ ಸಿಕ್ಕಿತು. ಈ ಸಲ ಮೂರನೇ ದಿನ ರಾತ್ರಿ ನಾನು ಬಟ್ಟೆ ಮಡಿಸುವಾಗ ಬಂದು ನಿಂತಳು, ಕೈ ಹಿಂದೆ ಕಟ್ಟಿಕೊಂಡು.

"ಏನೇ?" ಅಂದೆ.

"ಮೊದಲು ಮುಖ ಸರಿ ಮಾಡ್ಕೋ. ಮೂಗಲ್ಲಿ ಉಸಿರು ಬಿಡಬಾರದು. ಆಮೇಲೆ ತೋರಿಸ್ತೀನಿ."

ನಾನು ಬಾಯಿ ತೆರೆದು ಉಸಿರಾಡುತ್ತಾ ಕೈ ಚಾಚಿದೆ.